ಸೂರ್ಯಕಾಂತಿ ಹಚ್ಚೋಣ, ಆದ್ರೆ ಆ ದಂಟು ಎಲ್ಲಿಗೆ ಹೋಗುತ್ತೆ?

"ಸೂರ್ಯಕಾಂತಿ ಹಚ್ಚಿ, ಮಣ್ಣಿನ ವಿಷ ಎಲ್ಲ ಹೀರಿ ತೆಗೆಯುತ್ತೆ" ಅನ್ನೋ ಪೋಸ್ಟು ಬೆಳಗಾವಿ ಗ್ರೂಪುಗಳಲ್ಲಿ ಮತ್ತೆ ಓಡಾಡ್ತಿದೆ. ನಮ್ಮ ಕಾರ್ಖಾನೆಗಳಿರೋ ಉದ್ಯಮಬಾಗ್ ಕಡೆ ಖಾಲಿ ಜಾಗದಲ್ಲೆಲ್ಲ ಹಚ್ಚೋಣ ಅಂತ ಕೆಲವರು ಹುರುಪಿನಲ್ಲಿದ್ದಾರೆ. ನನಗೆ ಇದು ಸರಿ ಕಾಣ್ತಿಲ್ಲ.

ಗಿಡ ಲೋಹ ಹೀರೋದು ಸುಳ್ಳಲ್ಲ. ನ್ಯೂ ಕ್ಯಾಲೆಡೋನಿಯಾ ದ್ವೀಪದಲ್ಲಿ ಒಂದು ಮರ ಇದೆ, ಗಾಯ ಮಾಡಿದರೆ ನೀಲಿ-ಹಸಿರು ಹಾಲು ಸುರಿಯುತ್ತೆ. ಒಣಗಿದ ಆ ಹಾಲಿನ ತೂಕದಲ್ಲಿ ಕಾಲು ಭಾಗದಷ್ಟು ನಿಕಲ್! ಒಂದು ಜಾತಿಯ ಜರೀಗಿಡ ಆರ್ಸೆನಿಕ್ ಎಳೆದುಕೊಳ್ಳುತ್ತೆ ಅಂತ 2001ರಲ್ಲಿ ಫ್ಲಾರಿಡಾದ ವಿಜ್ಞಾನಿಗಳು ತೋರಿಸಿದರು. ಅದು ನಮ್ಮ ಘಟ್ಟದಲ್ಲೂ ಬೆಳೆಯುತ್ತೆ. ಅಣು ಸ್ಥಾವರ ದುರಂತ ನಡೆದ ಚೆರ್ನೋಬಿಲ್ ಹತ್ತಿರ ಸೂರ್ಯಕಾಂತಿ ಬೆಳೆಸಿದ್ದೂ ನಿಜ. ಆದ್ರೆ ಎಲ್ಲರೂ ಹೇಳೋ ಆ ಪ್ರಯೋಗದಲ್ಲಿ ಬೇರು ಇಳಿಬಿಟ್ಟಿದ್ದು ಹೊಂಡದ ನೀರಿಗೆ, ಮಣ್ಣಿಗಲ್ಲ.

ಮಣ್ಣಿನಲ್ಲಿರೋ ಸೀಸದ ಕಥೆ ಬೇರೆ. ಅದು ಮಣ್ಣಿನ ಕಣಕ್ಕೆ ಗಟ್ಟಿಯಾಗಿ ಅಂಟಿಕೊಂಡಿರುತ್ತೆ, ಬೇರಿಗೆ ಸುಲಭಕ್ಕೆ ಸಿಗಲ್ಲ. ಒಂದು ಲೆಕ್ಕ ಹಾಕೋಣ. ಒಂದು ಎಕರೆಯ ಮೇಲಿನ 20 ಸೆಂಟಿಮೀಟರ್ ಮಣ್ಣು ಸುಮಾರು 10 ಲಕ್ಷ ಕೆಜಿ. ಕೆಜಿ ಮಣ್ಣಿಗೆ 500 ಮಿಲಿಗ್ರಾಂ ಸೀಸ ಇದೆ ಅಂದ್ಕೊಳ್ಳಿ. ಅಲ್ಲಿಗೆ ಎಕರೆಗೆ 500 ಕೆಜಿ ಆಯ್ತು. ಒಂದು ಬೆಳೆಗೆ 4 ಟನ್ ಒಣ ಸೊಪ್ಪು-ದಂಟು ಬಂತು, ಅದರ ಪ್ರತಿ ಕೆಜಿಯಲ್ಲಿ 50 ಮಿಲಿಗ್ರಾಂ ಸೀಸ ಸೇರಿತು ಅಂತ ಧಾರಾಳವಾಗಿಯೇ ಹಿಡಿಯೋಣ. ಹೊರಗೆ ಬಂದಿದ್ದು 200 ಗ್ರಾಂ! ಬರೀ 100 ಕೆಜಿ ತೆಗೆಯೋಕೆ 500 ಬೆಳೆ ಬೇಕು. ಮೊಮ್ಮಕ್ಕಳ ಮೊಮ್ಮಕ್ಕಳಿಗೂ ಮುಗಿಯೋ ಕೆಲಸ ಅಲ್ಲ. ಇಡಿಟಿಎ ಅನ್ನೋ ರಾಸಾಯನಿಕ ಹಾಕಿದರೆ ಸೀಸ ಸಡಿಲ ಆಗುತ್ತೆ, ಸಾಸಿವೆ ಗಿಡ ಜಾಸ್ತಿ ಹೀರುತ್ತೆ. ಆದ್ರೆ ಉಳಿದಿದ್ದು ಮಳೆನೀರಿನ ಜೊತೆ ಕೆಳಗೆ ಇಳಿಯುತ್ತೆ. ಕೆಳಗೆ ಇರೋದು ನಮ್ಮ ಬೋರ್‌ವೆಲ್ ನೀರೇ ಅಲ್ವಾ?

ಸರಿ, ಆ 200 ಗ್ರಾಂ ಇರೋ ದಂಟು ಏನಾಗುತ್ತೆ? ಕೊಯ್ದು, ಬೇರೆ ಇಟ್ಟು, ಹೊಗೆ-ಬೂದಿ ಹೊರಗೆ ಹೋಗದ ಹಾಗೆ ಸುಡಬೇಕು. ನಮ್ಮಲ್ಲಿ ಏನಾಗುತ್ತೆ ಅಂತ ಗೊತ್ತಲ್ಲ. ಶೆಡ್ಡಿನ ಹಿಂದೆ ಫೌಂಡ್ರಿಯ (ಲೋಹ ಕರಗಿಸಿ ಎರಕ ಹೊಯ್ಯೋ ಕಾರ್ಖಾನೆ) ಕಪ್ಪು ಉಸುಕಿನ ಗುಡ್ಡೆ, ಗುಡ್ಡೆಯ ಅಂಚಿಗೆ ಎದ್ದ ಹುಲ್ಲು, ಹುಲ್ಲಿಗೆ ಬಾಯಿ ಹಾಕಿದ ಎಮ್ಮೆ. ಅಲ್ಲಿ ಹಸಿರು ದಂಟು ಒಂದು ದಿನ ಕೂಡ ಉಳಿಯಲ್ಲ. ಉಳಿದರೆ ಒಲೆಗೆ.

ಅದಕ್ಕೇ ನಾನು ಹೇಳೋದು, ಹಚ್ಚೋದಾದ್ರೆ ಲಾವಂಚ ಹಚ್ಚಿ. ಸೀಸವನ್ನು ಹೆಚ್ಚಾಗಿ ಬೇರಿನಲ್ಲೇ ಹಿಡಿದಿಡುತ್ತೆ, ಎಲೆಗೆ ಏರೋದು ಕಡಿಮೆ. ಬೇರು ಆಳಕ್ಕೆ ಹೋಗಿ ಮಣ್ಣು ಕೊಚ್ಚಿ ಹೋಗದ ಹಾಗೆ, ಧೂಳು ಏಳದ ಹಾಗೆ ತಡೆಯುತ್ತೆ. ಮಣ್ಣು ಸ್ವಚ್ಛ ಆಗಲ್ಲ, ಒಪ್ತೀನಿ. ವಿಷ ಇದ್ದಲ್ಲೇ ಇರುತ್ತೆ, ಸದ್ಯಕ್ಕೆ ಅಷ್ಟಾದ್ರೂ ಆಗಲಿ. ಸುತ್ತ ಬೇಲಿ ಹಾಕಿ. ಲೋಹದ ಲೇಪ ಹಾಕೋ ಪ್ಲೇಟಿಂಗ್ ಶೆಡ್ಡಿನ ಕೊಳಕು ನೀರು ಮೊದಲು ನಿಲ್ಲಲಿ, ಅದು ಹರೀತಾ ಇದ್ರೆ ಏನು ಹಚ್ಚಿದರೂ ಸುಮ್ನೆ.

ಇನ್ನೊಂದು ಮಾತು. ಸರ್ಕಾರದ ಮಣ್ಣು ಆರೋಗ್ಯ ಕಾರ್ಡಿನಲ್ಲಿ ಸಾರಜನಕ, ರಂಜಕ, ಪೊಟ್ಯಾಷ್, ಸತು, ಕಬ್ಬಿಣ ಎಲ್ಲ ಸೇರಿ 12 ಅಂಶ ನೋಡ್ತಾರೆ. ಸೀಸ, ಕ್ಯಾಡ್ಮಿಯಂ ಆ ಪಟ್ಟಿಯಲ್ಲಿಲ್ಲ. "ನಮ್ಮ ಕಾರ್ಡು ಚೆನ್ನಾಗಿದೆ" ಅಂತ ಕಾರ್ಖಾನೆ ಪಕ್ಕದ ಹಿತ್ತಲಲ್ಲಿ ಮೆಂತ್ಯ, ಪಾಲಕ್ ಬೆಳೆಯೋರು ಭಾರ ಲೋಹದ ಪರೀಕ್ಷೆ ಅಂತ ಲ್ಯಾಬಿನಲ್ಲಿ ಬೇರೆಯಾಗಿ ಕೇಳಿ ಮಾಡಿಸಿ.