ಒಂದು ಹಲಗೆ ತಾನೇ!

"ಒಂದು ಹಲಗೆ ತಾನೇ, ಐದು ನಿಮಿಷದ ಕೆಲಸ!" ನಮ್ಮ ಮರಗೆಲಸದ ಅಂಗಡಿಗೆ ಬರುವ ಗಿರಾಕಿಗಳ ಬಾಯಲ್ಲಿ ಈ ಮಾತು ಕೇಳಿದರೆ ಮೈಯೆಲ್ಲ ಉರಿಯುತ್ತದೆ. ಆ ಐದು ನಿಮಿಷಕ್ಕೆ ಮೆಷಿನ್ನಿನ ಅಳತೆ ಬದಲಿಸಬೇಕು, ಅಂಚು ಉಜ್ಜಬೇಕು. ಅಷ್ಟರಲ್ಲಿ ಇನ್ನೊಂದು ಬಾಗಿಲಿಗೆ ಬಳಿದ ಅಂಟು ಒಣಗಿಹೋಗಿರುತ್ತದೆ. 1 ಇಂಚು ದಪ್ಪದ ಹಸಿ ಹಲಗೆ ಗಾಳಿಗೆ ಒಣಗಲು ತಿಂಗಳುಗಟ್ಟಲೆ ಬೇಕು, ಕೆಲವು ಮರಕ್ಕೆ ವರ್ಷವೇ ಹಿಡಿಯುತ್ತದೆ. ಅವಸರ ಮಾಡಿದರೆ ಸೊಟ್ಟಗಾಗುತ್ತದೆ. ಆಮೇಲೆ ಡ್ರಾಯರ್ ಸಿಕ್ಕಿಕೊಂಡರೆ ಬೈಸಿಕೊಳ್ಳುವುದು ನಾವೇ ಅಲ್ವಾ?

ಇದಕ್ಕಿಂತ ಜಾಸ್ತಿ ಕಿರಿಕಿರಿ ಅಪ್ಪನದು. ನಾನು ಲೆಕ್ಕ ಹಾಕಿ ರೇಟು ಹೇಳಿರುತ್ತೇನೆ. ಗಿರಾಕಿ ಸುಮ್ನೆ ಒಳಗೆ ಹೋಗಿ ಅಪ್ಪನ ಹತ್ತಿರ ಎರಡು ಮಾತಾಡುತ್ತಾರೆ. ಅಪ್ಪ ಕಿವಿ ಮೇಲಿನ ಪೆನ್ಸಿಲ್ ತೆಗೆದು, ನಾನು ಬರೆದ ಮೊತ್ತ ಹೊಡೆದುಹಾಕಿ, "ನಮ್ಮವರೇ ಬಿಡೋ" ಅನ್ನುತ್ತಾರೆ. ಅಪ್ಪನಿಗೆ ನಮ್ಮವರಲ್ಲದ ಗಿರಾಕಿ ಇನ್ನೂ ಹುಟ್ಟಿಲ್ಲ.