ಕುಕ್ಕರ್ ಲೆಕ್ಕ ತಪ್ಪಿದ್ದು

ಒಲೆ ಮೇಲೆ ಕುಕ್ಕರ್ ಇಟ್ಟು, ಮೂರು ಕೂಗಿಗೆ ಆರಿಸಿದರಾಯಿತು ಎಂದುಕೊಂಡು 'ಜಿರೋ ಡ್ರೀಮ್ಸ್ ಆಫ್ ಸುಶಿ' ಹಾಕಿಕೊಂಡು ಕೂತೆ. ಜಪಾನಿನ ಸುಶಿ ಬಾಣಸಿಗರೊಬ್ಬರ ಮೇಲಿನ 2011ರ ಸಾಕ್ಷ್ಯಚಿತ್ರ. ಇದು ಮೂರನೇ ಸಲ. ನಾನು ಮೀನು ತಿನ್ನುವವನೇ ಅಲ್ಲ, ಅದು ಬೇರೆ ಮಾತು.

ಟೋಕಿಯೋದ ಗಿಂಜಾದಲ್ಲಿ ಒಂದು ಕಟ್ಟಡದ ನೆಲಮಾಳಿಗೆ. ಅಲ್ಲಿ ಆ ಬಾಣಸಿಗ ಜಿರೋ ಓನೋ ಅವರ ಸುಶಿ ಅಂಗಡಿ. ಕೂರಲು ಹತ್ತೇ ಕುರ್ಚಿ, ಶೌಚಾಲಯ ಹೊರಗೆ. ಆದರೂ ಹೋಟೆಲುಗಳಿಗೆ ದರ್ಜೆ ಕೊಡುವ ಮಿಶೆಲಿನ್‌ನವರು ಮೂರು ಸ್ಟಾರ್ ಕೊಟ್ಟಿದ್ದರು, ಅವರಲ್ಲಿ ಅದೇ ಅತಿ ಹೆಚ್ಚು. ಚಿತ್ರದಲ್ಲಿ ಅಜ್ಜನಿಗೆ 85. ಅನ್ನವನ್ನು ಬೆರಳಲ್ಲಿ ಒತ್ತಿ, ಮೀನಿನ ಚೂರು ಕೂರಿಸಿ, ಬ್ರಶ್ಶಿನಲ್ಲಿ ಸೋಯಾ ಸಾಸ್ ಸವರಿ ಮುಂದಿಡುತ್ತಾರೆ, ಅದೇ ಸುಶಿ. ಆಮೇಲೆ ತಿನ್ನುವವರನ್ನೇ ನೋಡುತ್ತ ನಿಲ್ಲುತ್ತಾರೆ, ನಗದೆ. ನನಗಾದರೆ ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು.

ಆಕ್ಟೋಪಸ್ ಮೆತ್ತಗಾಗಲಿ ಅಂತ ಅದನ್ನು ನಲವತ್ತು ಐವತ್ತು ನಿಮಿಷ ತಿಕ್ಕುತ್ತಾರೆ. ನಮ್ಮಲ್ಲಿ ಎಣ್ಣೆ ನೀರಿನ ಕೂಸಿಗೂ ಅಷ್ಟು ಉಪಚಾರವಿಲ್ಲ! ಅಜ್ಜನಿಗೆ ಅಕ್ಕಿ ಕೊಡುವ ವ್ಯಾಪಾರಿಯದು ಇನ್ನೊಂದು ಠೇಂಕಾರ. ದೊಡ್ಡ ಹೋಟೆಲಿನವರು ಅದೇ ಅಕ್ಕಿ ಕೇಳಿದರೆ ಕೊಡಲಿಲ್ಲವಂತೆ. ಕೊಂಡರೆ ಸಾಕೇ, ಬೇಯಿಸಲು ಬರಬೇಡವೇ?

ನಾನು ಕಾಯುವುದು ಮಾತ್ರ ನಕಜಾವಾ ಎಂಬ ಶಿಷ್ಯನ ಮಾತಿಗೆ. ಅಲ್ಲಿ ಸೇರಿದವರು ಮೊದಲು ಗಿರಾಕಿಗಳಿಗೆ ಕೊಡುವ ಬಿಸಿ ಟವೆಲ್ ಹಿಂಡಬೇಕು. ಕೈ ಸುಡುತ್ತದೆ. ಅದು ಬಂದ ಮೇಲೇ ಮೀನು ಮುಟ್ಟುವ ಮಾತು. ಹೀಗೇ ಸುಮಾರು ಹತ್ತು ವರ್ಷ ಕಳೆದ ಮೇಲೆ ಸುಶಿಗೆಂದು ಮೊಟ್ಟೆಯ ಕೇಕ್ ಬೇಯಿಸಲು ಬಿಡುತ್ತಾರೆ. ಮೊಟ್ಟೆ ತಾನೆ, ಸುಲಭ ಅಂದುಕೊಂಡಿದ್ದನಂತೆ ಪಾಪ. ದಿನಕ್ಕೆ ನಾಲ್ಕರಂತೆ ಮಾಡಿದರೂ ತಿಂಗಳುಗಟ್ಟಲೆ ಬರೀ 'ಇದಲ್ಲ, ಇದಲ್ಲ'. ಇನ್ನೂರಕ್ಕೂ ಜಾಸ್ತಿ ಮೊಟ್ಟೆ ಕೇಕ್ ಹೀಗೇ ಹೋದವು. ಕೊನೆಗೊಂದು ದಿನ ಅಜ್ಜ, ಹೀಗಿರಬೇಕು ಎಂದರು. ಇವನಿಗೆ ಅಳು ಬಂತು. ಆಮೇಲೆ ಎಷ್ಟೋ ಕಾಲಕ್ಕೆ 'ಶೊಕುನಿನ್' ಎಂದೂ ಕರೆದರು. ನಮ್ಮ ಮಾತಲ್ಲಿ ಕಸುಬುದಾರ. ಮುಷ್ಟಿ ಎತ್ತಿ ಕುಣಿಯೋಣ ಅನಿಸಿದರೂ ತೋರಿಸಿಕೊಳ್ಳಲಿಲ್ಲವಂತೆ. ಅದನ್ನು ಹೇಳುವಾಗಿನ ಅವನ ಮುಖ ನೋಡಬೇಕು. ಆ ಬಿಗಿ ಹಿಡಿದ ಸಂತೋಷ ನನಗಂತೂ ಅಜ್ಜನ ಕೈಚಳಕಕ್ಕಿಂತ ಹೆಚ್ಚು.

ಮುಖ ನೋಡುತ್ತಾ ಕೂತವನಿಗೆ ಕುಕ್ಕರ್ ಎಷ್ಟು ಕೂಗಿತೋ ತಿಳಿಯಲಿಲ್ಲ. ಐದಂತೂ ಆಗಿರಬೇಕು. ಮುಚ್ಚಳ ತೆಗೆದರೆ ಅನ್ನ ಮುದ್ದೆ ಮುದ್ದೆ. ಸುಮ್ನೆ ಮೊಸರು ಸುರಿದು ಕಲಸಿಬಿಟ್ಟೆ.