ವೆಸ್ಟಾದ ಕಲ್ಲು ಮತ್ತು ಪಿಪ್ಲಿಯಾ ಕಲಾನ್

ಹೋವಾರ್ಡೈಟ್, ಯೂಕ್ರೈಟ್, ಡಯೋಜೆನೈಟ್ ಎಂಬ ಶಿಲಾ ಉಲ್ಕಾಪಿಂಡಗಳು ವೆಸ್ಟಾ ಕ್ಷುದ್ರಗ್ರಹದಿಂದ ಬಂದವೆಂಬುದಕ್ಕೆ ಈ ಕಲ್ಲುಗಳ ಬಗ್ಗೆ ನಾನು ಓದಿದ ಲೇಖನವೊಂದು ನಾಸಾದ ಡಾನ್ ನೌಕೆಯ 2011–12ರ ಪರಿಶೀಲನೆಯನ್ನಷ್ಟೇ ಆಧಾರವಾಗಿ ಕೊಟ್ಟಿದೆ. ವೆಸ್ಟಾದಿಂದ ಪ್ರತಿಫಲಿಸುವ ಬೆಳಕಿನ ರೋಹಿತವು (ಬಣ್ಣಗಳ ಹಂಚಿಕೆ) ಯೂಕ್ರೈಟಿನದಕ್ಕೆ ತಾಳೆಯಾಗುವುದು 1970ರಲ್ಲೇ ತಿಳಿದಿತ್ತು. ಡಾನ್ ಅದನ್ನು ಹತ್ತಿರದಿಂದ ದೃಢಪಡಿಸಿತು, ಅಷ್ಟೆ.

ಪುಣೆಯಲ್ಲಿ ನೆಲೆಸಿರುವ ನಮ್ಮಂಥ ಕನ್ನಡಿಗರಿಗೆ ಯೂಕ್ರೈಟ್ ತೀರಾ ಅಪರಿಚಿತವೇನಲ್ಲ. ಸಿಂಹಗಡ ಹತ್ತುವಾಗ ಕಾಲಿಗೆ ಸಿಗುವ ಕಪ್ಪು ಬಸಾಲ್ಟಿನಂತೆ ಅದೂ ಪೈರಾಕ್ಸಿನ್ ಮತ್ತು ಪ್ಲಾಜಿಯೋಕ್ಲೇಸ್ ಖನಿಜಗಳು ಮುಖ್ಯವಾಗಿರುವ, ಶಿಲಾರಸ ತಣಿದು ಗಟ್ಟಿಯಾದ ಶಿಲೆ. ಒಡೆದ ಕಡೆ ತಿಳಿಬೂದು ಬಣ್ಣ, ಹೊರಗೆ ವಾತಾವರಣದಲ್ಲಿ ಕರಗಿ ಉಂಟಾದ ಹೊಳೆಯುವ ಕರಿ ಪೊರೆ. ಆದರೆ ನಮ್ಮ ದಖನ್ ಲಾವಾಕ್ಕೆ ಸುಮಾರು 6.6 ಕೋಟಿ ವರ್ಷವಾದರೆ, ಯೂಕ್ರೈಟುಗಳು ಸಾಮಾನ್ಯವಾಗಿ 450 ಕೋಟಿ ವರ್ಷಗಳಷ್ಟು ಹಳೆಯವು.

ಕೇವಲ 525 ಕಿಲೋಮೀಟರ್ ವ್ಯಾಸದ ವೆಸ್ಟಾ, ಸೌರವ್ಯೂಹ ಹುಟ್ಟಿದ ಸ್ವಲ್ಪ ಕಾಲದಲ್ಲೇ, ಇಷ್ಟು ಬೇಗ ಕರಗಲು ಶಾಖ ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನು ಲೇಖನ ಎತ್ತಿಯೇ ಇಲ್ಲ, ನನ್ನ ಮಟ್ಟಿಗೆ ಇದೇ ದೊಡ್ಡ ಕೊರತೆ. 1996ರಲ್ಲಿ ರಾಜಸ್ಥಾನದ ಪಿಪ್ಲಿಯಾ ಕಲಾನ್‌ನಲ್ಲಿ ಬಿದ್ದ ಯೂಕ್ರೈಟನ್ನು ಪರೀಕ್ಷಿಸಿದ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ವಿಜ್ಞಾನಿಗಳು, ಅದರ ಪ್ಲಾಜಿಯೋಕ್ಲೇಸಿನಲ್ಲಿ ಮೆಗ್ನೀಸಿಯಂ-26 ಸಹಜಕ್ಕಿಂತ ಹೆಚ್ಚಿರುವುದನ್ನು ಕಂಡು, ಕ್ಷಯಿಸಿ ಮೆಗ್ನೀಸಿಯಂ-26 ಆಗುವ, ಸುಮಾರು 7 ಲಕ್ಷ ವರ್ಷಗಳ ಅರ್ಧಾಯುಷ್ಯದ ವಿಕಿರಣಶೀಲ ಅಲ್ಯೂಮಿನಿಯಂ-26 ಆ ಶಿಲೆ ಘನೀಭವಿಸುವಾಗ ಇನ್ನೂ ಉಳಿದಿತ್ತೆಂದು 1999ರಲ್ಲಿ ತೋರಿಸಿಕೊಟ್ಟರು. ಅದರ ವಿಕಿರಣ ಕ್ಷಯದ ಶಾಖವೇ ಇಂಥ ಕಾಯಗಳನ್ನು ಕರಗಿಸಿತೆಂಬ ವಾದಕ್ಕೆ ಇದು ಬಲವಾದ ಪುರಾವೆ.